ಭಾಷಣ ಕೇಳಿದ್ರೆ ಸಾಕಾ, ಗುಡಿ ಬೇಡ್ವಾ?

ವಿಜಯನಗರದ ಓದುಗರೊಬ್ರು ಕಾಗದ ಬರ್ದಿದಾರೆ. ಎರಡು ವರ್ಷದಿಂದ ದೇವಸ್ಥಾನಕ್ಕೆ ಹೋಗಿಲ್ವಂತೆ, ಭಾನುವಾರ ಬೆಳಗ್ಗೆ ಯಾವ್ದಾದ್ರೂ ಸ್ಫೂರ್ತಿ ಭಾಷಣ ಕೇಳ್ತಾರೆ, ಟಿಕೆಟ್ ತಗೊಂಡು ಹಾಲ್‌ಗೂ ಹೋಗ್ತಾರೆ, ಕಣ್ಣಲ್ಲಿ ನೀರು ಬರತ್ತೆ, ವಾರ ಪೂರ್ತಿ ಹುರುಪು. 'ಇದೇ ನನ್ನ ಧರ್ಮ ಅಂದ್ರೆ ಅಮ್ಮ ಬೈತಾಳೆ, ಯಾರು ಸರಿ ಹೇಳಿ' ಅಂತಾರೆ.

ಸ್ವಾಮಿ, ಅಮ್ಮನ ಪರ ವಕಾಲತ್ತು ಹಾಕೋ ಯೋಗ್ಯತೆ ನಂಗಿಲ್ಲ. ನಾನು ಬಸವನಗುಡಿ ಕಡೆ ಹೋಗೋದೇ ಕಾರ್ತೀಕದ ಕೊನೇ ಸೋಮವಾರ, ಅದೂ ಬಸವಣ್ಣನ್ನ ನೋಡಕ್ಕಲ್ಲ, ಪರಿಷೆ ಕಡ್ಲೆಕಾಯಿಗೆ. ಭಾಷಣ ಕೇಳೋ ಚಟಾನೂ ನಮ್ಮೂರಿಗೆ ಹೊಸದಲ್ಲ, ಡಿವಿಜಿ 1945ರಲ್ಲೇ ಗೋಖಲೆ ಸಂಸ್ಥೆ ಕಟ್ಟಿ ಉಪನ್ಯಾಸ ಶುರು ಮಾಡಿದ್ರು. ಹಾಲ್ ಬಾಗ್ಲಲ್ಲಿ ಯಾರೂ ನಿಮ್ಮ ಜಾತಿ ಕೇಳಲ್ಲ, ಮಡಿ ಮೈಲಿಗೆ ಅನ್ನಲ್ಲ, ಇದನ್ನ ನಾನು ಸಣ್ಣ ವಿಷ್ಯ ಅಂತ ಬಿಡಲ್ಲ, ಎಷ್ಟು ಜನಕ್ಕೆ ಗುಡಿ ಬಾಗ್ಲು ಮುಚ್ಚಿದ್ವು ಅಂತ ನೆನಪಿದೆಯಲ್ಲ.

ಆದ್ರೆ ಒಂದು ಕೇಳ್ತೀನಿ, ನೀವು ಅಷ್ಟು ಮೆಚ್ಚಿದ ಭಾಷಣಾನ ಎಷ್ಟು ಸಲ ಕೇಳಿದೀರಿ? ಎರಡು? ಮೂರು? ಟೆಡ್ ಅಂತ ಭಾಷಣದ ವೇದಿಕೆ ಇದೆಯಲ್ಲ, ಅವ್ರು 18 ನಿಮಿಷ ಕೊಡ್ತಾರೆ, ಅಷ್ಟ್ರಲ್ಲಿ ಹೊಸದೊಂದು ಹೊಳೀಬೇಕು, ಮುಂದಿನ ವಾರಕ್ಕೆ ಇನ್ನೊಂದು ಹೊಸದು. ಹರಿಕಥೆಗೆ ಹೋಗೋರಿಗೆ ಸೀತೆ ಏನಾದ್ಲು ಅಂತ ಮೊದ್ಲೇ ಗೊತ್ತು, ಆದ್ರೂ ಚಾಪೆ ಹಿಡ್ಕೊಂಡು ಹೋಗ್ತಾರೆ, ಯಾಕಂದ್ರೆ ಹೋಗೋದು ಕಥೆಗಲ್ಲ.

2013ರ ಜನವರೀಲಿ ಲಂಡನ್‌ನಲ್ಲಿ ಇಬ್ರು ಕಾಮಿಡಿಯನ್ನರು ಸಂಡೇ ಅಸೆಂಬ್ಲಿ ಅಂತ ಶುರು ಮಾಡಿದ್ರು, ದೇವ್ರಿಲ್ಲದ ಚರ್ಚು. ಬರೀ ಭಾಷಣ ಸಾಕಾಗ್ಲಿಲ್ಲ ನೋಡಿ ಅವ್ರಿಗೂ, ಎಲ್ರೂ ಎದ್ದುನಿಂತು ಹಾಡ್ಬೇಕು, ಒಂದು ಗಳಿಗೆ ಸುಮ್ನಿರ್ಬೇಕು, ಕೊನೇಲಿ ಟೀ, ಕೇಕು. ಅಷ್ಟು ದೂರ ಯಾಕೆ, ನಮ್ಮ ಶರಣರೂ 12ನೇ ಶತಮಾನದಲ್ಲಿ ಕೂತು ಮಾತಾಡಿದೋರೇ, ಗುಡಿ ಬೇಡ ದೇಹವೇ ದೇಗುಲ ಅಂದೋರೇ, ಆದ್ರೆ ಮಾತು ಮುಗಿದ್ಮೇಲೆ ಕಾಯಕ ಇತ್ತು, ದಾಸೋಹ ಇತ್ತು, ಪಕ್ಕದಲ್ಲಿ ಕೂತೋನು ಉಂಡ್ನಾ ಇಲ್ವಾ ಅನ್ನೋದು ನಿಮ್ಮ ತಲೆನೋವು.

ನಮ್ಮಪ್ಪಂಗೆ ಶನಿವಾರದ ಭಜನೆ ಗುಂಪಿತ್ತು. ಭಕ್ತಿ ಎಷ್ಟಿತ್ತೋ ಗೊತ್ತಿಲ್ಲ, ಜಗಳ ಮಾತ್ರ ಪ್ರತಿ ವಾರ ಇತ್ತು, ತಾಳ ತಪ್ಪಿದ್ದು ಯಾರು ಅಂತ. ಅಪ್ಪ ಹೋದಾಗ ಬೆಳಗಿನ ಜಾವ ನಾಲ್ಕು ಗಂಟೆ. ಮೊದ್ಲು ಬಂದಿದ್ದು ಆ ತಾಳದ ಜಗಳದವ್ರೇ, ಫ್ಲಾಸ್ಕಲ್ಲಿ ಕಾಫಿ, ಕೈಯಲ್ಲಿ ವ್ಯಾನಿನವನ ನಂಬರು. ಆ ವರ್ಷ ನಾನು ಸಾವಿನ ಬಗ್ಗೆ ಭಾರೀ ಉಪನ್ಯಾಸ ಒಂದು ಕೇಳಿ ಎದ್ದುನಿಂತು ಚಪ್ಪಾಳೆ ಬೇರೆ ಹೊಡೆದಿದ್ದೆ, ಅದ್ರಲ್ಲಿ ಒಂದು ಸಾಲೂ ಅವತ್ತು ನೆನಪಾಗ್ಲಿಲ್ಲ.

ಹಂಗಂತ ಭಾಷಣ ಬಿಡಿ ಅಂತಿಲ್ಲ. ಅದು ಪ್ರವಚನದ ಕೆಲ್ಸ ಚೆನ್ನಾಗೇ ಮಾಡತ್ತೆ, ಪ್ರಸಾದದ್ದು ಪಾನಕದ್ದು ಮಾಡಲ್ಲ. ಎರಡು ವರ್ಷದಿಂದ ಅದೇ ಹಾಲ್‌ಗೆ ಹೋಗ್ತಿದೀರಲ್ಲ, ಪ್ರತಿ ಸಲ ಕಾಣೋ ನಾಲ್ಕು ಮುಖ ಇದ್ದೇ ಇರ್ತಾವೆ. ಅವ್ರಲ್ಲಿ ಒಬ್ರ ಹೆಸರಾದ್ರೂ ಗೊತ್ತಿದೆಯಾ? ಗೊತ್ತಿದ್ರೆ ಇನ್ನೊಂದು ಕಾಗದ ಹಾಕಿ, ಅಮ್ಮನ ಜತೆ ನಾನೇ ಮಾತಾಡ್ತೀನಿ.

– ಸಂ.