ಬಿಕಾಂ ಓದಿ ಎಂಎಂಎಸ್‌ನಲ್ಲಿ ಸಿಸ್ಟಮ್ಸ್ ತಗೊಂಡರೆ ಕಷ್ಟ ಆಗುತ್ತಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಡೊಂಬಿವಲಿಯಲ್ಲಿ ಮನೆ, ಬಿಕಾಂ ಆಗಿದೆ, ಮುಂಬಯಿ ವಿಶ್ವವಿದ್ಯಾಲಯದ ಎಂಎಂಎಸ್ (ಎಂಬಿಎಗೆ ಸಮನಾದ ಕೋರ್ಸ್) ಮೊದಲ ವರ್ಷ ಮುಗಿಯುತ್ತಾ ಬಂದಿದೆ. ಎರಡನೇ ವರ್ಷಕ್ಕೆ ಸಿಸ್ಟಮ್ಸ್, ಅಂದರೆ ಕಂಪನಿಯ ಮಾಹಿತಿ ವ್ಯವಸ್ಥೆಗಳ ವಿಷಯ, ತಗೊಳ್ಳುವ ಮನಸ್ಸಿದೆ. ಆದರೆ ಕೋಡಿಂಗ್ ಬರುವುದಿಲ್ಲ. ಮನೆಯವರು ಫೈನಾನ್ಸ್ ತಗೋ ಅನ್ನುತ್ತಾರೆ. ಇಂಜಿನಿಯರಿಂಗ್ ಮಾಡಿ ಬಂದವರ ನಡುವೆ ಹಿಂದೆ ಬೀಳುತ್ತೇನಾ ಅನ್ನುವ ಭಯ ಬೇರೆ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಅನ್ನುವ ಸಂಕೋಚವೂ ಇದೆ.

ನಾನೂ ಬಿಕಾಂ ಮಾಡಿ ಬಂದವಳು. ಹತ್ತನೇ ಕ್ಲಾಸಿನವರೆಗೆ ಮುಂಬಯಿಯಲ್ಲೇ ಕನ್ನಡ ಮಾಧ್ಯಮ. ಸಿಸ್ಟಮ್ಸ್ ತಗೊಂಡೆ, ಈಗ ಆರು ವರ್ಷದಿಂದ ಇದೇ ಕೆಲಸ. ನನ್ನ ಉತ್ತರ: ತಗೊಳ್ಳಿ. ಆದರೆ ಈ ವಿಷಯ ಏನು ಅಂತ ಸರಿಯಾಗಿ ತಿಳಿದುಕೊಂಡು ತಗೊಳ್ಳಿ. ಇದು ಕಂಪ್ಯೂಟರ್ ಬಗ್ಗೆ ಅಂದುಕೊಂಡು ಬರುವವರೇ ಜಾಸ್ತಿ. ನಾನೂ ಹಾಗೇ ಅಂದುಕೊಂಡಿದ್ದೆ.

ಮುಲುಂಡಿನಲ್ಲಿ ನಮ್ಮಪ್ಪನದು ಒಂದು ಚಿಕ್ಕ ಹೋಟೆಲು. ಅಲ್ಲಿ ಕಂಪ್ಯೂಟರ್ ಇರಲಿಲ್ಲ. ವೇಟರ್ ಆರ್ಡರ್ ಬರೆದರೆ ಕಾರ್ಬನ್ ಇಟ್ಟು ಎರಡು ಚೀಟಿ. ಒಂದು ಅಡುಗೆಮನೆಗೆ, ಒಂದು ಗಲ್ಲೆಗೆ. ಅಡುಗೆಮನೆಯ ಚೀಟಿಗಳನ್ನು ಭಟ್ಟರು ಒಂದು ತಂತಿಗೆ ಚುಚ್ಚಿಡುತ್ತಿದ್ದರು. ರಾತ್ರಿ ಶಟರ್ ಎಳೆದ ಮೇಲೆ ಅಪ್ಪ ಎರಡನ್ನೂ ಜೋಡಿಸಿ ನೋಡುತ್ತಿದ್ದರು. ಅಡುಗೆಮನೆಯಿಂದ ಹೊರಟ ದೋಸೆ ಬಿಲ್ಲಿನಲ್ಲಿ ಇಲ್ಲದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಮಧ್ಯಾಹ್ನ ಎರಡು ಗಂಟೆಗೆ ಅವರು ಕೇಳುತ್ತಿದ್ದ ಲೆಕ್ಕ ಬೇರೆ. ಇಡ್ಲಿ ಎಷ್ಟು ಹೋಯ್ತು, ಎಷ್ಟು ಉಳೀತು? ಯಾಕೆಂದರೆ ನಾಳೆಗೆ ಅಕ್ಕಿ, ಉದ್ದು ನೆನೆಹಾಕುವುದು ಆಗ. ಅದೇ ಲೆಕ್ಕ ರಾತ್ರಿ ಹನ್ನೊಂದಕ್ಕೆ ಸಿಕ್ಕರೆ ಉಪಯೋಗವಿಲ್ಲ. ಅಷ್ಟರಲ್ಲಿ ಹಿಟ್ಟು ರುಬ್ಬಿ ಆಗಿರುತ್ತದೆ.

ನಿಮ್ಮ ಪಠ್ಯದ ಮೊದಲ ಅಧ್ಯಾಯಗಳಲ್ಲಿ ಇರುವುದು ಇದೇ. ಒಂದೊಂದು ವ್ಯವಹಾರವನ್ನೂ ಬರೆದಿಡುವುದು ಟ್ರಾನ್ಸಾಕ್ಷನ್ ಪ್ರೊಸೆಸಿಂಗ್. ಅದರಿಂದ ಮ್ಯಾನೇಜರಿಗೆ ಬೇಕಾದ ವರದಿ ತೆಗೆಯುವುದು ಎಂಐಎಸ್ (ಮ್ಯಾನೇಜ್‌ಮೆಂಟ್ ಇನ್ಫರ್ಮೇಷನ್ ಸಿಸ್ಟಮ್). ಅಕ್ಕಿ ದರ ಏರಿದರೆ ಇಡ್ಲಿ ದರ ಏರಿಸಬೇಕಾ, ಗಾತ್ರ ಇಳಿಸಬೇಕಾ ಅಂತ ಯೋಚಿಸಲು ನೆರವಾಗುವುದು ಡಿಸಿಷನ್ ಸಪೋರ್ಟ್. 1965ರಲ್ಲಿ ಹಾರ್ವರ್ಡ್‌ನ ರಾಬರ್ಟ್ ಆಂಥನಿ ಮ್ಯಾನೇಜ್‌ಮೆಂಟ್ ಕೆಲಸವನ್ನು ಮೂರು ಮಟ್ಟವಾಗಿ ವಿಂಗಡಿಸಿದರು. ಕೆಳಗೆ ದಿನದ ಕೆಲಸ, ನಡುವೆ ಅದರ ಹತೋಟಿ, ಮೇಲೆ ದೂರದ ಯೋಜನೆ. ನೀವು ಪರೀಕ್ಷೆಯಲ್ಲಿ ಬಿಡಿಸುವ ಆ ಪಿರಮಿಡ್ಡಿನ ಬೇರು ಅಲ್ಲಿದೆ. ಅದನ್ನು ಬಿಡಿಸುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಯಾರು, ಎಷ್ಟು ಹೊತ್ತಿಗೆ, ಏನನ್ನು ನಿರ್ಧರಿಸುತ್ತಾರೆ? ಈ ವಿಷಯದ ಬಹುಪಾಲು ಈ ಪ್ರಶ್ನೆಯೊಳಗೇ ಇದೆ ಅಂತ ನನ್ನ ನಂಬಿಕೆ.

ನಾನು ಇದನ್ನು ಮನೆಯಲ್ಲಿ ಕಣ್ಣಾರೆ ಕಂಡಿದ್ದರೂ ಇಂಟರ್ನ್‌ಶಿಪ್‌ನಲ್ಲಿ ಮರೆತೆ. ಮೊದಲ ವರ್ಷ ಮುಗಿದ ಮೇಲೆ ಎರಡು ತಿಂಗಳು ಭಿವಂಡಿಯ ಒಂದು ಗೋದಾಮಿಗೆ ಹೋಗಿದ್ದೆ. ಮಾಲು ಕಳಿಸುವುದರ ಬಗ್ಗೆ ವರದಿ ತಯಾರಿಸುವುದು ನನ್ನ ಕೆಲಸ. ಬಣ್ಣಬಣ್ಣದ ಗ್ರಾಫ್ ಹಾಕಿ ಹನ್ನೆರಡು ಪುಟದ ವರದಿ ಮಾಡಿದೆ. ದಿನಾ ಬೆಳಿಗ್ಗೆ ಹತ್ತಕ್ಕೆ ಎಲ್ಲರಿಗೂ ಮೇಲ್. ಮೂರು ವಾರ ಕಳೆದರೂ ಯಾರೂ ಒಂದು ಮಾತು ಆಡಲಿಲ್ಲ.

ಅಲ್ಲಿ ಲೋಡಿಂಗ್ ನೋಡಿಕೊಳ್ಳುತ್ತಿದ್ದ ಸೂಪರ್‌ವೈಸರ್ ಕಲಬುರಗಿ ಕಡೆಯವರು. ಒಂದು ದಿನ ಚಹಾ ಕುಡಿಯುವಾಗ ಕನ್ನಡದಲ್ಲಿ ಮಾತಿಗೆ ಸಿಕ್ಕರು. ಆ ವರದಿ ನೋಡ್ತೀರಾ ಅಂತ ಕೇಳಿದೆ. "ನೀವು ಕಳ್ಸೋದು ಹತ್ತಕ್ಕ ಬರ್ತದ ಅಕ್ಕಾರ. ನಮ್ಮ ಗಾಡಿ ಐದಕ್ಕ ಹೋಗಿರ್ತಾವ" ಅಂದರು. ಮುಂಬಯಿಯೊಳಗೆ ಬೆಳಿಗ್ಗೆ ಮತ್ತು ಸಂಜೆ ಜನ ಓಡಾಡುವ ಹೊತ್ತಿನಲ್ಲಿ ದೊಡ್ಡ ಲಾರಿಗಳಿಗೆ ನಿರ್ಬಂಧ ಇದೆ, ಅಲ್ವಾ? ಹಾಗಾಗಿ ಯಾವ ಗಾಡಿಗೆ ಯಾವ ಮಾಲು ಅನ್ನುವುದು ನಸುಕಿನಲ್ಲೇ ತೀರ್ಮಾನ ಆಗಿರುತ್ತಿತ್ತು. ನನ್ನ ವರದಿ ಹುಟ್ಟುವ ಹೊತ್ತಿಗೆ ನಿರ್ಧರಿಸಲು ಏನೂ ಉಳಿದಿರುತ್ತಿರಲಿಲ್ಲ.

ಅವರೇ ಇನ್ನೊಂದು ವಿಷಯ ತೋರಿಸಿಕೊಟ್ಟರು. ಹಾಳಾದ ಪೆಟ್ಟಿಗೆಗಳನ್ನು ಸಿಸ್ಟಮ್‌ಗೆ ಹಾಕುವಾಗ ಕಾರಣ ಆರಿಸಬೇಕು. ನಿಜವಾದ ಕಾರಣ, ಅಂದರೆ ಪೆಟ್ಟಿಗೆ ಮೇಲೆ ಪೆಟ್ಟಿಗೆ ಜಾಸ್ತಿ ಪೇರಿಸಿ ಕೆಳಗಿನದು ಜಜ್ಜಿಹೋಗುವುದು, ಆ ಪಟ್ಟಿಯಲ್ಲೇ ಇರಲಿಲ್ಲ. ಕೆಲಸದ ಒತ್ತಡದಲ್ಲಿ ಹುಡುಗರು ಪಟ್ಟಿಯಲ್ಲಿ ಮೊದಲು ಕಾಣುವುದನ್ನೇ ಒತ್ತುತ್ತಿದ್ದರು. ಅದು "ಮಳೆ". ಏಪ್ರಿಲ್, ಮೇ ತಿಂಗಳ ಲೆಕ್ಕದಲ್ಲಿ ಹೆಚ್ಚಿನ ಮಾಲು ಮಳೆಗೆ ಹಾಳಾಯಿತು ಅಂತ ನಾನು ಚಂದದ ಗ್ರಾಫ್ ಹಾಕಿ ಕಳಿಸಿದ್ದೆ. ಏಪ್ರಿಲ್‌ನಲ್ಲಿ ಭಿವಂಡಿಯಲ್ಲಿ ಎಲ್ಲಿಯ ಮಳೆ? ಯಾವ ಸಾಫ್ಟ್‌ವೇರೂ ಇದನ್ನು ನನಗೆ ಹೇಳಲಿಲ್ಲ. ಗೋದಾಮಿನ ನೆಲದ ಮೇಲೆ ನಿಂತ ಒಬ್ಬ ಮನುಷ್ಯ ಹೇಳಿದರು, ಅದೂ ನನ್ನ ಭಾಷೆಯಲ್ಲಿ ಕೇಳಿದ್ದಕ್ಕೆ.

ಕೊನೆಯ ಎರಡು ವಾರ ಆ ಹನ್ನೆರಡು ಪುಟ ಬಿಟ್ಟೆ. ರಾತ್ರಿ ಎಂಟಕ್ಕೆ ಸ್ಟಾಕ್ ಲೆಕ್ಕ ಮುಗಿಯುತ್ತಿತ್ತು. ಒಂಬತ್ತಕ್ಕೆ ಒಂದೇ ಹಾಳೆ ಪ್ರಿಂಟ್. ನಾಳೆ ನಸುಕಿನ ಗಾಡಿಗಳಲ್ಲಿ ಯಾವ ಆರ್ಡರಿಗೆ ಮಾಲು ಸಾಲದು ಅನ್ನುವುದಷ್ಟೇ ಅದರಲ್ಲಿ. ಆ ಹಾಳೆಯನ್ನು ಅವರು ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ಆಮೇಲೆ ಕಾಲೇಜಿನ ಲೈಬ್ರರಿಯಲ್ಲಿ ಮ್ಯಾನೇಜ್‌ಮೆಂಟ್ ತಜ್ಞ ರಸೆಲ್ ಆಕಾಫ್ 1967ರಲ್ಲಿ ಬರೆದ ಲೇಖನ ಸಿಕ್ಕಿತು. ಮ್ಯಾನೇಜರುಗಳಿಗೆ ಬೇಕಾದ ಮಾಹಿತಿ ಸಿಗದಿರುವುದಕ್ಕಿಂತ, ಬೇಡದ ಮಾಹಿತಿ ಬಂದು ಬೀಳುವುದೇ ದೊಡ್ಡ ತೊಂದರೆ ಅಂತ ಅವರ ವಾದ. ಭಿವಂಡಿಗೆ ಹೋಗುವ ಮುಂಚೆ ಓದಿದ್ದರೆ ಅದು ನನಗೆ ಇಷ್ಟು ತಟ್ಟುತ್ತಿರಲಿಲ್ಲ.

ಈಗ ನಿಮ್ಮ ಭಯದ ವಿಷಯ, ಕೋಡಿಂಗ್. ಎಂಬಿಎ ಮಟ್ಟದಲ್ಲಿ ಕೈಯಲ್ಲಿ ಇರಲೇಬೇಕಾದದ್ದು ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳಿ ತೆಗೆಯುವ ಭಾಷೆ. ಒಂದು ಟೇಬಲ್‌ನಿಂದ ಬೇಕಾದ್ದನ್ನು ಆರಿಸುವುದು, ಗುಂಪು ಮಾಡಿ ಕೂಡಿಸುವುದು, ಎರಡು ಟೇಬಲ್ ಜೋಡಿಸುವುದು. ದಿನಾ ಒಂದು ಗಂಟೆ ಕೂತರೆ ಎರಡು ತಿಂಗಳು ಸಾಕು. ಅಭ್ಯಾಸಕ್ಕೆ ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್ ದುಡ್ಡು ಕೊಡದೆ ಸಿಗುತ್ತದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಆಮೇಲೆ ಬೇಕಾದರೆ ಕಲಿಯಬಹುದು, ಈಗ ಅದಕ್ಕೆ ಹೆದರಬೇಡಿ.

ಕಷ್ಟ ಇರುವುದು ಟೇಬಲ್ ಹೇಗೆ ಕಟ್ಟಬೇಕು ಅನ್ನುವುದರಲ್ಲಿ. ಇಲ್ಲಿ ಬಿಕಾಂ ಓದಿದವರಿಗೆ ಒಳ್ಳೆಯ ಹಿಡಿತ ಇದೆ. ಒಂದು ಉದಾಹರಣೆ ಕೊಡ್ತೀನಿ. ಡೇಟಾಬೇಸ್‌ನಲ್ಲಿ ಪ್ರತಿ ಗ್ರಾಹಕರಿಗೂ ಬೇರೆ ಯಾರಿಗೂ ಇರದ ಒಂದು ಗುರುತು ಬೇಕು. ಅದಕ್ಕೆ ಪ್ರೈಮರಿ ಕೀ ಅನ್ನುತ್ತಾರೆ. ಹೆಸರನ್ನು ಇಟ್ಟುಕೊಂಡರೆ ಆಗುವುದಿಲ್ಲ. ಒಂದೇ ಅಂಗಡಿಯನ್ನು ಒಬ್ಬ ಗುಮಾಸ್ತ "ಅಂಡ್ ಕಂಪನಿ" ಅಂತ ಬರೆಯುತ್ತಾನೆ, ಇನ್ನೊಬ್ಬ "ಅಂಡ್ ಕೋ" ಅಂತ, ಮತ್ತೊಬ್ಬ ಇನಿಷಿಯಲ್ ತಪ್ಪು ಹಾಕುತ್ತಾನೆ. ಐದು ಲಕ್ಷ ಸಾಲದ ಮಿತಿ ಇದ್ದ ಅಂಗಡಿಗೆ ಮೂರು ಹೆಸರಲ್ಲಿ ಹದಿನೈದು ಲಕ್ಷದ ಮಾಲು ಹೋಗಿಬಿಡುತ್ತದೆ. ಹಾಗಾದರೆ ಜಿಎಸ್‌ಟಿ ನಂಬರ್ ಇಟ್ಟುಕೊಳ್ಳೋಣ ಅಂತೀರಿ. ಅದರಲ್ಲಿ 15 ಅಕ್ಷರ. ಮೊದಲ 2 ರಾಜ್ಯದ ಕೋಡ್, ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29. ನಂತರದ 10 ಆ ವ್ಯಾಪಾರಿಯ ಪ್ಯಾನ್. ಈಗ ಒಂದೇ ಕಂಪನಿಗೆ ಠಾಣೆಯಲ್ಲೂ ಹುಬ್ಬಳ್ಳಿಯಲ್ಲೂ ಅಂಗಡಿ ಇದ್ದರೆ ಜಿಎಸ್‌ಟಿ ನಂಬರ್ ಎರಡು, ಪ್ಯಾನ್ ಒಂದು. ಗ್ರಾಹಕರು ಒಬ್ಬರೋ ಇಬ್ಬರೋ?

ತೆರಿಗೆ ಲೆಕ್ಕಕ್ಕೆ ಇಬ್ಬರು. ಸಾಲದ ಮಿತಿಗೆ ಒಬ್ಬರು. ಮಾಲು ಇಳಿಸುವ ಡ್ರೈವರಿಗೆ ಬೇಕಿರುವುದು ವಿಳಾಸ, ಅದು ನಾಲ್ಕು ಇರಬಹುದು. ಇನ್ನು ವಹಿವಾಟು ಕಡಿಮೆ ಇರುವ ಚಿಕ್ಕ ಅಂಗಡಿಗೆ ಜಿಎಸ್‌ಟಿ ನಂಬರೇ ಇರುವುದಿಲ್ಲ, ಆ ಜಾಗ ಖಾಲಿ. ಖಾಲಿ ಬಿಡಬಹುದಾದದ್ದು ಪ್ರೈಮರಿ ಕೀ ಆಗಲಾರದು. ಆದ್ದರಿಂದ ಮೂರಕ್ಕೂ ಬೇರೆ ಬೇರೆ ಟೇಬಲ್ ಮಾಡಿ, ನಮ್ಮದೇ ಒಂದು ನಂಬರ್ ಕೊಟ್ಟು, ಅವನ್ನು ಜೋಡಿಸಬೇಕು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ರಿಲೇಷನಲ್ ಮಾದರಿ ಮುಂದಿಟ್ಟಾಗಿನಿಂದ ಕಲಿಸುತ್ತಾ ಬಂದಿರುವ ನಾರ್ಮಲೈಸೇಷನ್‌ನ ತಿರುಳು ಇದು. ನಮ್ಮ ಕ್ಲಾಸಿನ ಇಂಜಿನಿಯರ್ ಗೆಳೆಯರು ಇದರ ಸೂತ್ರ ಬೇಗ ಬರೆಯುತ್ತಿದ್ದರು. ತೆರಿಗೆಗೆ ಯಾಕೆ ಇಬ್ಬರು ಅನ್ನುವುದನ್ನು ನಮ್ಮನ್ನು ಕೇಳುತ್ತಿದ್ದರು. ಎರಡೂ ಬೇಕು. ಅವರ ಜೊತೆ ಕೂತು ಓದಿ, ಅವರಿಗೆ ಡೆಬಿಟ್ ಕ್ರೆಡಿಟ್ ಹೇಳಿಕೊಡಿ.

ಕಂಪನಿಯ ಖರೀದಿ, ಸ್ಟಾಕ್, ಲೆಕ್ಕ ಎಲ್ಲವನ್ನೂ ಒಂದೇ ಸಾಫ್ಟ್‌ವೇರಿನಲ್ಲಿ ಜೋಡಿಸುವ ಇಆರ್‌ಪಿ ಪೇಪರೂ ಹೀಗೇ. ಸ್ಯಾಪ್ ಅಂದಕೂಡಲೇ ಹೆದರುತ್ತಾರೆ. 1972ರಲ್ಲಿ ಐಬಿಎಂ ಬಿಟ್ಟ ಐವರು ಜರ್ಮನಿಯಲ್ಲಿ ಶುರು ಮಾಡಿದ, ಇಂಥ ಸಾಫ್ಟ್‌ವೇರ್ ಮಾಡುವ ಕಂಪನಿ ಅದು. ಸ್ಕ್ರೀನ್ ಎಷ್ಟೇ ಇರಲಿ, ಒಳಗೆ ಓಡುವುದು ನೀವು ಓದಿದ ವ್ಯವಹಾರವೇ. ಪರ್ಚೇಸ್ ಆರ್ಡರ್, ಮಾಲು ಬಂದ ರಶೀದಿ, ಮಾರಿದವರ ಬಿಲ್ಲು, ಈ ಮೂರೂ ತಾಳೆ ಆದರೆ ಮಾತ್ರ ಹಣ ಬಿಡುಗಡೆ. ಅಪ್ಪ ಎರಡು ಚೀಟಿ ಜೋಡಿಸುತ್ತಿದ್ದರು, ಇಲ್ಲಿ ಮೂರು. ಸ್ಯಾಪ್‌ನ ಹಳೆಯ ಆವೃತ್ತಿಗೆ ಕಂಪನಿಯ ಸಾಮಾನ್ಯ ಬೆಂಬಲ 2027ರ ಕೊನೆಯವರೆಗೆ ಮಾತ್ರ. ಹಾಗಾಗಿ ಎಷ್ಟೋ ಕಂಪನಿಗಳು ಹೊಸದಕ್ಕೆ ಹೋಗುತ್ತಿವೆ. ಈ ಕೆಲಸಕ್ಕೆ ವ್ಯವಹಾರ ತಿಳಿದವರು ಬೇಕೇ ಬೇಕು.

ಇದರಲ್ಲಿ ಎಡವಿದವರ ಕಥೆಯನ್ನೂ ನೀವು ಓದುತ್ತೀರಿ. ಅಮೆರಿಕದ ಚಾಕಲೇಟ್ ಕಂಪನಿ ಹರ್ಷೀ 1999ರ ಜುಲೈನಲ್ಲಿ ಮೂರು ದೊಡ್ಡ ಸಾಫ್ಟ್‌ವೇರ್‌ಗಳನ್ನು ಒಟ್ಟಿಗೆ ಶುರು ಮಾಡಿತು. ಅಲ್ಲಿ ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬಕ್ಕೆ ಚಾಕಲೇಟ್ ಭರ್ಜರಿ ಮಾರಾಟ. ಅಂಗಡಿಯವರ ಆರ್ಡರ್ ಬರುವ ಹೊತ್ತಿಗೇ ಸಿಸ್ಟಮ್ ಹೊಸದು. ಗೋದಾಮಿನಲ್ಲಿ ಮಾಲು ಇದ್ದೂ ಸುಮಾರು 10 ಕೋಟಿ ಡಾಲರ್‌ನ ಆರ್ಡರ್ ತಲುಪಿಸಲಾಗಲಿಲ್ಲ. ಗಣಪತಿ ಹಬ್ಬದ ಹಿಂದಿನ ವಾರ ಮುಂಬಯಿಯ ಮಿಠಾಯಿ ಅಂಗಡಿಯವರು ಭಟ್ಟರನ್ನು, ಒಲೆಯನ್ನು, ಗಲ್ಲೆಯನ್ನು ಒಟ್ಟಿಗೆ ಬದಲಿಸುವುದಿಲ್ಲ. ಸಿಸ್ಟಮ್ ಶುರು ಮಾಡುವ ದಿನವನ್ನು ಆರಿಸುವುದೂ ಮ್ಯಾನೇಜರ ಕೆಲಸ, ಅದನ್ನೂ ಈ ಕೋರ್ಸಿನಲ್ಲೇ ಕಲಿಯುತ್ತೀರಿ.

ಉಳಿದ ಪೇಪರುಗಳು, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಸೆಕ್ಯೂರಿಟಿ, ಇ-ಕಾಮರ್ಸ್, ಓದಿದರೆ ಬರುತ್ತವೆ.

ಮನೆಯವರಿಗೆ ಏನು ಹೇಳುವುದು? ಫೈನಾನ್ಸ್ ಒಳ್ಳೆಯದೇ. ಆದರೆ ಮುಂಬಯಿಯ ಫೈನಾನ್ಸ್ ನಡೆಯುವುದೇ ಸಿಸ್ಟಮ್ ಮೇಲೆ. ಷೇರು ಮಾರುಕಟ್ಟೆ ಎನ್‌ಎಸ್‌ಇ 1994ರಲ್ಲಿ ಸ್ಕ್ರೀನ್ ಮೇಲೆ ವಹಿವಾಟು ಶುರು ಮಾಡಿತು. 1995ರಲ್ಲಿ ಬಿಎಸ್‌ಇಯೂ ಕೂಗಾಟದ ವ್ಯಾಪಾರ ಬಿಟ್ಟು ಕಂಪ್ಯೂಟರಿಗೆ ಬಂತು. 2016ರಲ್ಲಿ ಬಂದ ಯುಪಿಐ ನಡೆಸುವ ಎನ್‌ಪಿಸಿಐ ಇರುವುದೂ ಇದೇ ಊರಿನಲ್ಲಿ. ಬ್ಯಾಂಕುಗಳಲ್ಲಿ ಐಟಿ ಆಡಿಟ್ ಅಂತ ಒಂದು ಕೆಲಸ ಇದೆ. ಎಂಟ್ರಿ ಹಾಕುವವರೇ ಅದನ್ನು ಪಾಸ್ ಮಾಡುವಂತಿದೆಯಾ, ಕೆಲಸ ಬಿಟ್ಟವರ ಲಾಗಿನ್ ಇನ್ನೂ ಚಾಲೂ ಇದೆಯಾ ಅಂತ ನೋಡುವುದು. ಬಿಕಾಂ ಮತ್ತು ಸಿಸ್ಟಮ್ಸ್ ಎರಡೂ ಇರುವವರಿಗೆ ಅದು ಹೇಳಿ ಮಾಡಿಸಿದ ಜಾಗ. ಈ ಮಾತು ನನ್ನ ಮಾವನಿಗೂ ಹೇಳಿದ್ದೆ, ಆಮೇಲೆ ಅವರು ಫೈನಾನ್ಸ್ ಅಂತ ಒತ್ತಾಯಿಸಲಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಬೇಡ ಅಂತೀನಿ. ಜನರ ಹತ್ತಿರ ಹೋಗಿ, ಅವರು ಕೆಲಸ ಮಾಡುವುದನ್ನು ಗಂಟೆಗಟ್ಟಲೆ ನೋಡಿ, ಕೇಳಿ ಬರೆದುಕೊಳ್ಳುವುದು ನಿಮಗೆ ಬೇಸರ ಅನಿಸಿದರೆ ತಗೊಳ್ಳಬೇಡಿ. ಕನ್ನಡ ಮಾಧ್ಯಮ ಅಂತ ಸಂಕೋಚ ಪಟ್ಟಿದ್ದೀರಿ. ಇಂಗ್ಲಿಷ್ ಪ್ರೆಸೆಂಟೇಷನ್ ಅಭ್ಯಾಸದಿಂದ ಬರುತ್ತದೆ. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಗೋದಾಮಿನವರ ಜೊತೆ, ಗುಮಾಸ್ತರ ಜೊತೆ ಸಲೀಸಾಗಿ ಮಾತಾಡುವುದು ಈ ಕೆಲಸಕ್ಕೆ ದೊಡ್ಡ ಬಲ. ಭಿವಂಡಿಯಲ್ಲಿ ನನಗೆ ಸಿಕ್ಕ ನಿಜ ಮೀಟಿಂಗ್ ರೂಮಿನಲ್ಲಿ ಸಿಗಲಿಲ್ಲ.

ಆಯ್ಕೆ ಫಾರ್ಮ್ ಕೊಡುವ ಮುಂಚೆ ಎರಡು ವಿಚಾರಿಸಿ. ನಿಮ್ಮ ಕಾಲೇಜಿನಲ್ಲಿ ಸಿಸ್ಟಮ್ಸ್ ಬ್ಯಾಚ್ ನಿಜವಾಗಿ ನಡೆಯುತ್ತದಾ? ವಿದ್ಯಾರ್ಥಿಗಳು ಕಡಿಮೆ ಇದ್ದರೆ ಕೆಲವು ಕಡೆ ನಡೆಸುವುದಿಲ್ಲ. ಲ್ಯಾಬ್‌ನಲ್ಲಿ ಡೇಟಾಬೇಸ್ ಕೈಯಿಂದ ಮಾಡಿಸುತ್ತಾರಾ, ಸುಮ್ನೆ ಸ್ಲೈಡ್ ತೋರಿಸುತ್ತಾರಾ? ಸೀನಿಯರ್‌ಗಳನ್ನೇ ಕೇಳಿ. ಜೊತೆಗೆ ಈ ಭಾನುವಾರ ಗುರುತಿನವರ ಅಂಗಡಿಯಲ್ಲೋ ಹೋಟೆಲಿನಲ್ಲೋ ಅರ್ಧ ದಿನ ಕೂತು, ಒಂದು ಬಿಲ್ಲು ಹುಟ್ಟಿದಲ್ಲಿಂದ ಎಲ್ಲೆಲ್ಲಿ ಹೋಗುತ್ತದೆ, ಯಾರು ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಬರೆಯುತ್ತಾ ಖುಷಿ ಆದರೆ ನಿಮ್ಮ ಉತ್ತರ ನಿಮಗೆ ಸಿಕ್ಕಿತು.

ಇಂಟರ್ನ್‌ಶಿಪ್ ಎಲ್ಲಿ ಸಿಕ್ಕಿತು ಅಂತ ಇಲ್ಲೇ ತಿಳಿಸಿ. ಗೋದಾಮೋ ಫ್ಯಾಕ್ಟರಿಯೋ ಆಗಿದ್ದರೆ ಮೊದಲ ವಾರ ಯಾವ ಯಾವ ರಿಜಿಸ್ಟರ್ ನೋಡಬೇಕು ಅಂತ ಬರೆದು ಕೊಡ್ತೀನಿ.