ಹಾಲಿನ ಪ್ಯಾಕೆಟ್ ತೊಳೆದವರು, ಮಾತು ಬಿಟ್ಟವರು

ಕೊರೊನಾ ಕಾಲದಲ್ಲಿ ನಾವೆಲ್ಲ ನಡೆದುಕೊಂಡ ರೀತಿಯ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಕಳೆದ ಬಾರಿ ಈ ಅಂಕಣದಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ಕಾಯಿಲೆ ಬಗ್ಗೆ ಕೇಳಿದವರು ಕಡಿಮೆ. ಅಕ್ಕಪಕ್ಕದವರ ಬಗ್ಗೆ ಕೇಳಿದವರೇ ಜಾಸ್ತಿ. ನನಗೇನೂ ಆಶ್ಚರ್ಯವಾಗಲಿಲ್ಲ. ಆ ಎರಡು ವರ್ಷ ನಾವು ವೈರಸ್ಸಿಗಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ನೋಡಿಕೊಂಡು ಬದುಕಿದೆವು. ಕಣ್ಣಿಗೆ ಕಾಣದ ಒಂದು ವಸ್ತುವಿಗೆ ಎಷ್ಟು ಹೆದರಬೇಕು ಅಂತ ಯಾರಿಗೆ ಗೊತ್ತಿತ್ತು? ಪಕ್ಕದ ಮನೆಯವರು ಎಷ್ಟು ಹೆದರಿದ್ದಾರೆ ಎಂದು ಇಣುಕಿ ನೋಡುವುದೇ ದಾರಿಯಾಗಿತ್ತು.

ಪ್ರಶ್ನೆ: 2020ರ ಜುಲೈನಲ್ಲಿ ನನಗೆ ಪಾಸಿಟಿವ್ ಬಂತು. ಗೇಟಿಗೆ ಪೋಸ್ಟರ್ ಅಂಟಿತು, ಬೀದಿ ತುದಿಗೆ ಬ್ಯಾರಿಕೇಡ್ ಬಂತು. ಅವತ್ತಿನಿಂದ ಇಪ್ಪತ್ತು ವರ್ಷದ ಪರಿಚಯದವರೂ ನಮ್ಮ ಮನೆ ಮುಂದೆ ಓಡಾಡುವುದನ್ನು ಬಿಟ್ಟರು. ಎದುರುಮನೆಯವರು ಕಿಟಕಿ ಹಾಕಿಕೊಂಡರು. ಹಾಲಿನ ಹುಡುಗ ಪ್ಯಾಕೆಟ್ಟನ್ನು ಕಾಂಪೌಂಡಿನ ಆಚೆಯಿಂದ ತುಳಸಿಕಟ್ಟೆ ಹತ್ತಿರ ಎಸೆದು ಹೋಗುತ್ತಿದ್ದ. ಈಗ ಅದೇ ಎದುರುಮನೆಯವರು ಗಣೇಶನ ಹಬ್ಬಕ್ಕೆ ಕಡುಬು ತಂದುಕೊಡುತ್ತಾರೆ. ನಾನು ಎಲ್ಲ ಮರೆತಿದ್ದೇನೆ. ನನ್ನ ಹೆಂಡತಿಗೆ ಆಗುತ್ತಿಲ್ಲ. ಅವರೆಲ್ಲ ಕೆಟ್ಟ ಜನರಾ?
- ನಿವೃತ್ತ ಬ್ಯಾಂಕ್ ನೌಕರ, ರಾಜಾಜಿನಗರ

ಉತ್ತರ: ಕೆಟ್ಟವರಲ್ಲ ಎಂದು ಹೇಳಿ ಮುಗಿಸಿಬಿಟ್ಟರೆ ನಿಮ್ಮ ಮನೆಯವರಿಗೆ ಅನ್ಯಾಯ ಮಾಡಿದಂತೆ. ಅವರಿಗೆ ಆದ ನೋವು ನಿಜವಾದದ್ದು. ಆದರೆ ಆ ಬೀದಿಯಲ್ಲಿ ಏನಾಯಿತು ಎಂದು ಸ್ವಲ್ಪ ನಿಧಾನವಾಗಿ ನೋಡೋಣ.

ಆ ಜುಲೈ ನೆನಪಿಸಿಕೊಳ್ಳಿ. ಲಾಕ್‌ಡೌನ್ ಮುಗಿಯಿತು ಅಂದುಕೊಂಡಿದ್ದ ಊರನ್ನು 14ರಿಂದ ಮತ್ತೆ ಒಂದು ವಾರ ಮುಚ್ಚಿದ್ದರು. ದೊಮ್ಮಲೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಎರಡು ಫ್ಲ್ಯಾಟ್‌ಗಳ ಬಾಗಿಲಿಗೆ ತಗಡಿನ ಶೀಟು ಹೊಡೆದದ್ದೂ ಅದೇ ತಿಂಗಳು. ಒಂದರ ಒಳಗೆ ಪುಟ್ಟ ಮಕ್ಕಳಿದ್ದ ತಾಯಿ, ಇನ್ನೊಂದರಲ್ಲಿ ವಯಸ್ಸಾದ ದಂಪತಿ. ಫೋಟೋ ಎಲ್ಲೆಡೆ ಹರಿದಾಡಿದ ಮೇಲೆ ಪಾಲಿಕೆ ಆಯುಕ್ತರು ಅದನ್ನು ತೆಗೆಸಿ ಕ್ಷಮೆ ಕೇಳಿದರು. ವಿದೇಶದಿಂದ ಬಂದವರ ಕೈಗೆ ಮುದ್ರೆ ಒತ್ತುವುದು ಮಾರ್ಚ್‌ನಲ್ಲೇ ಶುರುವಾಗಿತ್ತು. ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮು ಕೇಳಿಸುತ್ತಿತ್ತು, ಆಮೇಲೆ ನಮ್ಮ ಹೋರಾಟ ರೋಗದ ಜೊತೆ, ರೋಗಿಯ ಜೊತೆ ಅಲ್ಲ ಎಂಬ ಬುದ್ಧಿಮಾತು. ಫೋನು ಒಂದು ಹೇಳುತ್ತಿತ್ತು, ಗೇಟಿನ ಪೋಸ್ಟರ್ ಇನ್ನೊಂದು. ಜನ ಪೋಸ್ಟರನ್ನೇ ನಂಬಿದರು. ವೈರಸ್ ಕಾಣುತ್ತಿರಲಿಲ್ಲ, ಪೋಸ್ಟರ್ ಕಾಣುತ್ತಿತ್ತು. ಹೀಗೆ ಕಂಡಕಂಡಲ್ಲಿ ಪೋಸ್ಟರ್ ಅಂಟಿಸಬಾರದು, ಸಂಬಂಧಪಟ್ಟ ಪ್ರಾಧಿಕಾರದ ಆದೇಶ ಇದ್ದರೆ ಮಾತ್ರ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಡಿಸೆಂಬರ್ ಬಂದಿತ್ತು.

ಇನ್ನು ಕಿಟಕಿ. ನನ್ನ ಹತ್ತಿರ ಸಲಹೆಗೆ ಬರುವವರಲ್ಲಿ ಕಿಟಕಿ ಹಾಕಿಕೊಂಡ ಮನೆಯವರೂ ಇದ್ದಾರೆ. ಅವರಲ್ಲಿ ಎಷ್ಟೋ ಜನಕ್ಕೆ ಆಗಲೇ ಮನಸ್ಸಿನಲ್ಲಿ ಕಸಿವಿಸಿ ಇತ್ತು. ಹೋಗಿ ಒಂದು ಮಾತು ಕೇಳಬೇಕು ಅನಿಸಿತ್ತು. ಬೀದಿಯಲ್ಲಿ ಇನ್ಯಾರೂ ಹೋಗಲಿಲ್ಲ, ಹಾಗಾಗಿ ಇವರೂ ಹೋಗಲಿಲ್ಲ. ಇವರು ಹೋಗಲಿಲ್ಲ ಎಂದು ನೋಡಿ ಆಚೆಮನೆಯವರೂ ಸುಮ್ಮನಾದರು. ಒಳಗೊಳಗೆ ಎಲ್ಲರಿಗೂ ಬೇಜಾರು, ಹೊರಗೆ ಎಲ್ಲರೂ ಕಲ್ಲು. ಪ್ರತಿಯೊಬ್ಬರೂ ತಾನೊಬ್ಬನೇ ಹೀಗೆ ಯೋಚಿಸುತ್ತಿರುವುದು ಎಂದುಕೊಂಡಿದ್ದರು. ಒಬ್ಬ ಅಜ್ಜಿ ಧೈರ್ಯ ಮಾಡಿ ಗೇಟಿನ ಹತ್ತಿರ ಸಾರಿನ ಡಬ್ಬಿ ಇಟ್ಟು ಬಂದ ಬೀದಿಗಳಲ್ಲಿ ಮರುದಿನದಿಂದ ಬೇರೆ ಮನೆಗಳ ಡಬ್ಬಿಗಳೂ ಬಂದವು. ನಿಮ್ಮ ಬೀದಿಯಲ್ಲಿ ಆ ಮೊದಲ ಡಬ್ಬಿ ಬರಲಿಲ್ಲ, ಅಷ್ಟೇ.

ಹಾಲಿನ ಹುಡುಗನನ್ನು ಈ ಲೆಕ್ಕದಿಂದ ಬಿಟ್ಟುಬಿಡಿ. ಊರೆಲ್ಲ ಬಾಗಿಲು ಹಾಕಿಕೊಂಡಾಗ ಬೆಳಗಿನ ಜಾವ ಮನೆಮನೆ ತಿರುಗಿದವನು ಅವನು. ಎಸೆದರೂ ತಂದನಲ್ಲ.

ಈಗ ಕಡುಬು. ತಪ್ಪಾಯಿತು ಎಂದು ಬಾಯಿ ಬಿಟ್ಟು ಹೇಳುವ ಅಭ್ಯಾಸ ನಮ್ಮ ಕಡೆ ಕಡಿಮೆ. ತಟ್ಟೆಯಲ್ಲಿ ಏನಾದರೂ ಹಾಕಿಕೊಂಡು ಬರುತ್ತೇವೆ. ಅದನ್ನು ಅರ್ಥ ಮಾಡಿಕೊಳ್ಳಿ ಎಂದು ನಿಮ್ಮ ಮನೆಯವರಿಗೆ ಒತ್ತಾಯ ಮಾಡಬೇಡಿ. 'ಬಿಟ್ಹಾಕು, ಹಳೇ ಕಥೆ' ಎಂದಂತೂ ಹೇಳಲೇಬೇಡಿ. ಆ ಬೀದಿಯಲ್ಲಿ ಅವರಿಗೆ ಎಲ್ಲರಿಗಿಂತ ಹತ್ತಿರವಾಗಿದ್ದ ಒಬ್ಬರು ಇರುತ್ತಾರೆ. ಅವರೊಬ್ಬರ ಹತ್ತಿರ, ಜಗಳದ ದನಿ ಇಲ್ಲದೆ, 'ಆವತ್ತು ನೀವು ಮಾತಾಡಿಸಲಿಲ್ಲ, ನನಗೆ ತುಂಬ ನೋವಾಯಿತು' ಎಂದು ಹೇಳಲಿ. ಇಡೀ ಬೀದಿಯ ಹತ್ತಿರ ನ್ಯಾಯ ಕೇಳಲು ಹೋದರೆ ಯಾರೂ ಉತ್ತರ ಕೊಡುವುದಿಲ್ಲ. ಒಬ್ಬರ ಹತ್ತಿರ ಹೇಳಿದರೆ ಎಷ್ಟೋ ಸಲ ಅವರೇ ಅತ್ತುಬಿಡುತ್ತಾರೆ.

ಇನ್ನೊಂದು ಮಾತು. ಪ್ಯಾಕೆಟ್ ತುಳಸಿಕಟ್ಟೆ ಹತ್ತಿರ ಬೀಳುತ್ತಿತ್ತು ಎಂಬುದನ್ನೂ ನೆನಪಿಟ್ಟು ಬರೆದವರು ನೀವು. ಪೂರ್ತಿ ಮರೆತಿಲ್ಲ ಅನಿಸುತ್ತೆ, ಅಲ್ವಾ? ಮಾತಾಡುವ ಅಗತ್ಯ ನಿಮಗೂ ಇರಬಹುದು.

ಪ್ರಶ್ನೆ: ಮಾರ್ಚ್ 2020ರಲ್ಲಿ ಕೇಸುಗಳೇ ಇಲ್ಲದಾಗ ನಾವು ಹಾಲಿನ ಪ್ಯಾಕೆಟ್ಟನ್ನು ಸೋಪು ಹಾಕಿ ತೊಳೆದೆವು, ತರಕಾರಿಯನ್ನು ಅಡುಗೆ ಸೋಡಾದಲ್ಲಿ ನೆನೆಸಿದೆವು. ವರ್ಷ ಕಳೆಯುವ ಹೊತ್ತಿಗೆ ಕೇಸು ಲಕ್ಷಗಟ್ಟಲೆ, ನಾವು ಮದುವೆ ಮನೆಯಲ್ಲಿ ಪಂಕ್ತಿ ಊಟಕ್ಕೆ ಕೂತಿದ್ದೆವು. ನಮಗೇನಾಗಿತ್ತು?
- ಸಾಫ್ಟ್‌ವೇರ್ ಉದ್ಯೋಗಿ, ಮಾರತಹಳ್ಳಿ

ಉತ್ತರ: ಹೆದರಿಕೆ ಅಂಕಿ ನೋಡಿ ಏರುವುದಿಲ್ಲ, ಇಳಿಯುವುದೂ ಇಲ್ಲ. ಹೊಸದಾಗಿದ್ದರೆ, ನಮ್ಮ ಕೈಯಲ್ಲಿ ಏನೂ ಇಲ್ಲ ಅನಿಸಿದರೆ ಏರುತ್ತದೆ. 2020ರ ಮಾರ್ಚ್‌ನಲ್ಲಿ ಎರಡೂ ಇತ್ತು. ದೇಶದ ಮೊದಲ ಕೊರೊನಾ ಸಾವು ನಮ್ಮದೇ ಕಲಬುರಗಿಯದು. ಟಿವಿ ಹಾಕಿದರೆ ಇಟಲಿ. 24ನೇ ತಾರೀಕು ರಾತ್ರಿ 8 ಗಂಟೆಗೆ ಪ್ರಧಾನಿ ಮಾತು ಶುರುವಾಯಿತು, ಮಧ್ಯರಾತ್ರಿಯಿಂದ ದೇಶವೇ ಬಂದ್. ಇರುವ ಹೊತ್ತಿನಲ್ಲಿ ಜನ ಅಂಗಡಿಗೆ ಓಡಿ ಸೋನಾಮಸೂರಿ, ತೊಗರಿಬೇಳೆ, ಮ್ಯಾಗಿ ಹೊತ್ತು ತಂದರು. ಆಗ ದೇಶದಲ್ಲಿ ಕೇಸು ನೂರರ ಲೆಕ್ಕದಲ್ಲಿತ್ತು.

ಪ್ಯಾಕೆಟ್ ತೊಳೆಯುವುದರಿಂದ ವೈರಸ್ ಎಷ್ಟು ಹೋಯಿತೋ, ಅದರಿಂದ ಮನಸ್ಸಿಗೆ ಒಂದು ಹಿಡಿತ ಸಿಕ್ಕಿದ್ದು ನಿಜ. ಏನೋ ಮಾಡಿದೆವು ಎಂಬ ಸಮಾಧಾನ. ವಸ್ತುಗಳ ಮೇಲ್ಮೈ ಮುಟ್ಟಿ ಸೋಂಕು ಬರುವ ಸಾಧ್ಯತೆ ಸಾಮಾನ್ಯವಾಗಿ 10 ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿದ್ದು 2021ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಹೆಚ್ಚಿನವರು ತೊಳೆಯುವುದನ್ನು ತಾವಾಗಿಯೇ ಬಿಟ್ಟಿದ್ದರು. ಸಂಶೋಧನೆ ಓದಿ ಬಿಟ್ಟವರಲ್ಲ, ಬೇಸರ ಬಂದು ಬಿಟ್ಟವರು.

ಪಂಕ್ತಿ ಊಟದ ಕಥೆಯೂ ಕಿಟಕಿಯ ಕಥೆಯೇ. ಛತ್ರದೊಳಗೆ ಹೋಗುವಾಗ ಮಾಸ್ಕ್ ಹಾಕಿಕೊಂಡೇ ಹೋಗಿರುತ್ತೀರಿ. ಒಳಗೆ ಯಾರೂ ಹಾಕಿಲ್ಲ. ಹುಡುಗಿಯ ಸೋದರಮಾವ ನಕ್ಕು 'ಏನಪ್ಪಾ, ಡಾಕ್ಟರಾ?' ಅನ್ನುತ್ತಾರೆ. ಮಾಸ್ಕ್ ಗಲ್ಲಕ್ಕೆ ಇಳಿಯುತ್ತದೆ, ಆಮೇಲೆ ಜೇಬಿಗೆ. ಬೀದಿಯಲ್ಲಿ ಇದರ ಇನ್ನೊಂದು ಮುಖ ಇತ್ತು: ಪಾಲಿಕೆಯ ಮಾರ್ಷಲ್ ಕಂಡರೆ ಮಾಸ್ಕ್ ಮೇಲೆ, ಮಾರ್ಷಲ್ ಹೋದರೆ ಕೆಳಗೆ. 2020ರ ಅಕ್ಟೋಬರ್ ಹೊತ್ತಿಗೆ ನಗರಗಳಲ್ಲಿ ದಂಡವನ್ನು 1,000 ರೂಪಾಯಿಗೆ ಏರಿಸಿದರು, ಜನ ಬೈದರು, ಕೆಲವೇ ದಿನಗಳಲ್ಲಿ 250ಕ್ಕೆ ಇಳಿಸಿದರು. ದಂಡದ ಭಯದಿಂದ ಹಾಕಿದ ಮಾಸ್ಕ್ ದಂಡ ಹಾಕುವವರಿಗೆ ಕಾಣುವಷ್ಟು ಹೊತ್ತು ಮಾತ್ರ ಮೂಗಿನ ಮೇಲಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಸೋದರಮಾವನೊಬ್ಬ ಹಾಕಿಕೊಂಡಿದ್ದರೆ ಹತ್ತು ಮಾರ್ಷಲ್‌ಗಳ ಕೆಲಸ ಆಗುತ್ತಿತ್ತು.

ಪ್ರಶ್ನೆ: 2020ರ ಮೇ 4ರಂದು ಮದ್ಯದಂಗಡಿ ತೆರೆದಾಗ ಬೆಂಗಳೂರಿನಲ್ಲಿ ಕಂಡ ಕ್ಯೂ ನೋಡಿ ನಾಚಿಕೆಯಾಯಿತು. ಅಷ್ಟೊಂದು ಬೇಕಿತ್ತಾ?
- ಶಿಕ್ಷಕಿ, ವಿಜಯನಗರ

ಉತ್ತರ: ನಾನು ಆ ಕ್ಯೂ ಪರ. ರಸ್ತೆಯಲ್ಲಿ ಬಳಿದ ವೃತ್ತದೊಳಗೆ ಅಂಗಡಿ ತೆರೆಯುವ ಮೊದಲೇ ಬಂದು ನಿಂತವರ ಶಿಸ್ತನ್ನು ತರಕಾರಿ ಮಾರುಕಟ್ಟೆಯಲ್ಲಿ ನಾನಂತೂ ಕಾಣಲಿಲ್ಲ.

ತಮಾಷೆ ಇರಲಿ. ಆ ಸಾಲಿನಲ್ಲಿ ಸುಮ್ನೆ ಖುಷಿಗೆ ನಿಂತವರು ಬಹಳ ಇದ್ದರು. ಜೊತೆಗೆ ಕುಡಿತ ರೋಗವಾಗಿಬಿಟ್ಟವರೂ ಇದ್ದರು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ನಿದ್ದೆ ಹೋಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನದ ಮೇಲೆ ಇಲ್ಲದ್ದು ಕಾಣುವ, ಕೇಳುವ ಸ್ಥಿತಿಗೂ ಹೋಗಬಹುದು, ಅದು ಜೀವಕ್ಕೇ ಅಪಾಯ. ಮಾರ್ಚ್ 25ರ ಬೆಳಿಗ್ಗೆ ಅಂಥವರಿಗೆ ಯಾವ ಸೂಚನೆಯೂ ಇಲ್ಲದೆ ಎಲ್ಲ ಬಂದ್ ಆಗಿತ್ತು. ನಿಮ್ಮ ಪರಿಚಯದಲ್ಲಿ ಅಂಥವರಿದ್ದು ಈಗ ಬಿಡಬೇಕು ಅನ್ನುತ್ತಿದ್ದರೆ ವೈದ್ಯರ ನೆರವಿನಲ್ಲೇ ಬಿಡಲಿ.

ಪ್ರಶ್ನೆ: ಜನತಾ ಕರ್ಫ್ಯೂ ದಿನ ತಟ್ಟೆ ಬಡಿದವರಲ್ಲಿ ನಾನೂ ಒಬ್ಬ. ಈಗ ಮಗ ಗೇಲಿ ಮಾಡುತ್ತಾನೆ. ಅದು ಮೂಢನಂಬಿಕೆಯಾ ಸಾರ್?
- ಅಂಗಡಿ ಮಾಲೀಕ, ಚಾಮರಾಜಪೇಟೆ

ಉತ್ತರ: ತಟ್ಟೆ ಬಡಿದರೆ ವೈರಸ್ ಸಾಯುತ್ತದೆ ಎಂದು ನಂಬಿದ್ದರೆ ಹೌದು. ವಾಟ್ಸಾಪಿನಲ್ಲಿ ಅಂಥ ಮಾತೂ ಓಡಾಡಿತ್ತು. ನೀವು ಮಾರ್ಚ್ 22ರ ಸಂಜೆ 5 ಗಂಟೆಗೆ ಬಾಲ್ಕನಿಗೆ ಬಂದು, ಇಡೀ ದಿನ ಒಳಗಿದ್ದ ಬೀದಿಯ ಮುಖಗಳನ್ನು ನೋಡಿ, ಆಸ್ಪತ್ರೆಯವರಿಗೆಂದು ಬಡಿದಿದ್ದರೆ ಗೇಲಿಗೆ ಏನೂ ಇಲ್ಲ. ಗುಂಪು ಕಟ್ಟಿ ಮೆರವಣಿಗೆ ಹೊರಟವರ ವಿಷಯ ಬೇರೆ.

ಮಗನಿಗೆ ಹೇಳಿ, ಈ ಊರಿಗೆ ಇದು ಹೊಸದಲ್ಲ. 1898ರಲ್ಲಿ ರೈಲಿನ ಜೊತೆ ಪ್ಲೇಗ್ ಬಂದಾಗಲೂ ಜನ ಮನೆ ಬಿಟ್ಟು ಊರಾಚೆ ಗುಡಿಸಲುಗಳಿಗೆ ಹೋದರು, ಪ್ಲೇಗ್ ಮಾರಮ್ಮನಿಗೆ ಗುಡಿ ಕಟ್ಟಿದರು. ಅಂಥ ಗುಡಿಗಳು ಇವತ್ತಿಗೂ ಪೂಜೆ ಕಾಣುತ್ತಿವೆ. ಅದೇ ಭಯ ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳನ್ನೂ ಬೆಳೆಸಿತು, ಮನೆಗಳ ನಡುವೆ ಗಾಳಿ ಬೆಳಕು ಬಿಡುವುದನ್ನು ಕಲಿಸಿತು. ಮಾರಮ್ಮನಿಗೆ ಮೊಸರನ್ನ ಇಟ್ಟವರೂ ಚರಂಡಿ ಸರಿ ಮಾಡಿಸಿದವರೂ ಒಂದೇ ಊರಿನ ಜನ.

ಪ್ರಶ್ನೆ: 2021ರ ಮೇನಲ್ಲಿ ಅಪ್ಪ ಹೋದರು. ಐಸಿಯು ಬೆಡ್‌ಗೆ ರಾತ್ರಿಯೆಲ್ಲ ಫೋನ್ ಮಾಡಿದೆ. ಸಿಕ್ಕಾಗ ತಡವಾಗಿತ್ತು. ಮುಖ ನೋಡಲೂ ಆಗಲಿಲ್ಲ, ದೂರದಿಂದ ಚೀಲ ಮಾತ್ರ ನೋಡಿದೆ. ಸುಮನಹಳ್ಳಿ ಚಿತಾಗಾರದ ದಾರಿಯಲ್ಲಿ ಇವತ್ತಿಗೂ ಹೋಗುವುದಿಲ್ಲ, ಆಫೀಸಿಗೆ ಸುತ್ತಿಕೊಂಡು ಹೋಗುತ್ತೇನೆ. ಇನ್ನೂ ಒಂದು ಗಂಟೆ ಮೊದಲು ಫೋನ್ ಶುರು ಮಾಡಿದ್ದರೆ ಎಂದು ದಿನಾ ಅನಿಸುತ್ತದೆ. ಎಲ್ಲರೂ ಮರೆತು ಓಡಾಡುತ್ತಿದ್ದಾರೆ, ನನಗೊಬ್ಬಳಿಗೇ ಯಾಕೆ ಹೀಗೆ?
- ಯುವತಿ, ಕಾಮಾಕ್ಷಿಪಾಳ್ಯ

ಉತ್ತರ: ನಿಮಗೊಬ್ಬರಿಗೇ ಅಲ್ಲಮ್ಮ. ಈ ಬಾರಿ ಬಂದ ಪತ್ರಗಳಲ್ಲೇ ಇಂಥವು ಇನ್ನೂ ಇವೆ. ನೀವು ಓಡಾಡುವುದನ್ನು ನೋಡಿದವರೂ 'ಇವಳು ಮರೆತಿದ್ದಾಳೆ' ಎಂದೇ ಅಂದುಕೊಂಡಿರುತ್ತಾರೆ.

ಆ ಒಂದು ಗಂಟೆಯ ಬಗ್ಗೆ ಮೊದಲು ಹೇಳುತ್ತೇನೆ. 2021ರ ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50 ಸಾವಿರಕ್ಕೂ ಹೆಚ್ಚು ಹೊಸ ಕೇಸು, ಬೆಂಗಳೂರಿನಲ್ಲೇ 23 ಸಾವಿರ. ಬೆಡ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿದವರು, ಮಂತ್ರಿಗಳ ಪರಿಚಯ ಇದ್ದವರು, ದುಡ್ಡು ಹಿಡಿದು ನಿಂತವರು ಎಲ್ಲರೂ ಒಂದೇ ಬೆಡ್ ಹುಡುಕುತ್ತಿದ್ದರು. ವಿದ್ಯುತ್ ಚಿತಾಗಾರಗಳ ಮುಂದೆ ಆಂಬುಲೆನ್ಸ್ ಸಾಲು ನಿಂತು, ತಾವರೆಕೆರೆ, ಗಿಡ್ಡೇನಹಳ್ಳಿಯಲ್ಲಿ ಬಯಲಿನಲ್ಲೇ ಚಿತೆ ಹಚ್ಚಬೇಕಾಯಿತು. ಇಡೀ ವ್ಯವಸ್ಥೆ ಕುಸಿದ ವಾರದ ಹೊಣೆಯನ್ನು ನೀವು ನಿಮ್ಮ ಒಂದು ಗಂಟೆಯ ಮೇಲೆ ಹಾಕಿಕೊಂಡಿದ್ದೀರಿ. ಮನಸ್ಸು ಹೀಗೇ ಮಾಡುತ್ತದೆ. 'ನನ್ನ ಕೈಯಲ್ಲಿ ಏನೂ ಇರಲಿಲ್ಲ' ಎಂದು ಒಪ್ಪುವುದಕ್ಕಿಂತ 'ನನ್ನದೇ ತಪ್ಪು' ಎನ್ನುವುದು ಅದಕ್ಕೆ ಸುಲಭ. ತಪ್ಪು ನನ್ನದಾದರೆ, ಸರಿ ಮಾಡಿದ್ದರೆ ಅಪ್ಪ ಉಳಿಯುತ್ತಿದ್ದರು ಎಂಬ ಒಂದು ದಾರಿ ತೆರೆದೇ ಇರುತ್ತದೆ. ಆ ದಾರಿಯನ್ನು ಮುಚ್ಚಲು ಮನಸ್ಸು ಒಪ್ಪುವುದಿಲ್ಲ.

ಎರಡನೆಯದು ಮುಖ ನೋಡದೆ ಹೋದದ್ದು. ಸಾವಿನ ಮನೆಯಲ್ಲಿ ಹತ್ತು ಜನ ಕೂತು ಅಳುವುದು, ಬಾಯಿಗೆ ನೀರು ಬಿಡುವುದು, ಹನ್ನೊಂದನೇ ದಿನ, ವೈಕುಂಠ ಸಮಾರಾಧನೆ, ಇವೆಲ್ಲ ಸತ್ತವರು ನಿಜವಾಗಿ ಸತ್ತರು ಎಂದು ಉಳಿದವರಿಗೆ ನಿಧಾನವಾಗಿ ಮನವರಿಕೆ ಮಾಡಿಕೊಡುತ್ತವೆ. ನಿಮಗೆ ಅದು ಯಾವುದೂ ಸಿಗಲಿಲ್ಲ. ತಡವಾಗಿಯಾದರೂ ಮಾಡಬಹುದು. ಈ ವರ್ಷದ ತಿಥಿಗೆ ಆವತ್ತು ಬರಲಾಗದ ನೆಂಟರನ್ನೆಲ್ಲ ಕರೆಯಿರಿ. ಅಪ್ಪನ ಬಗ್ಗೆ ಎಲ್ಲರೂ ಮಾತಾಡಲಿ, ಬೈದದ್ದು, ನಗಿಸಿದ್ದು ಎಲ್ಲ. ಪೂಜೆಯಲ್ಲಿ ನಂಬಿಕೆ ಇಲ್ಲದಿದ್ದರೆ ಸುಮ್ನೆ ಊಟಕ್ಕೆ ಕರೆಯಿರಿ. 2021ರ ಜೂನ್‌ನಲ್ಲಿ, ಯಾರೂ ಒಯ್ಯದೆ ಉಳಿದ ನೂರಾರು ಜನರ ಅಸ್ಥಿಯನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ಬಿಟ್ಟಿತು. ಗುರುತಿಲ್ಲದವರಿಗೂ ಆ ಕೆಲಸ ಆಗಬೇಕು ಎಂದು ಜನಕ್ಕೆ ಅನಿಸಿತ್ತು.

ಮೂರನೆಯದು, ಮತ್ತು ಇದನ್ನು ಮುಂದೂಡಬೇಡಿ. ಆರು ತಿಂಗಳು ದಾಟಿದ ಮೇಲೂ ದುಃಖ ದಿನಾ ಅಷ್ಟೇ ತೀವ್ರವಾಗಿದ್ದು, ಕೆಲಸ, ಓಡಾಟ ಕೆಡುತ್ತಿದ್ದರೆ ಅದನ್ನು ಈಗ ವೈದ್ಯಕೀಯದಲ್ಲಿ ಪ್ರತ್ಯೇಕ ತೊಂದರೆ ಎಂದೇ ಗುರುತಿಸುತ್ತಾರೆ. ಅದಕ್ಕೆ ಚಿಕಿತ್ಸೆ ಇದೆ, ಫಲವೂ ಕೊಡುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮುಖಾಮುಖಿ ಬೇಕೆಂದರೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಸುಮನಹಳ್ಳಿ ದಾರಿಯನ್ನು ಒಬ್ಬರೇ ಹೋಗಿ ಗೆಲ್ಲಬೇಕೆಂದು ಹಟ ಬೇಡ. ಆಪ್ತಸಮಾಲೋಚಕರ ಸಲಹೆಯಂತೆ, ನಿಮಗೆ ಬೇಕಾದವರನ್ನು ಜೊತೆಗೆ ಕರೆದುಕೊಂಡು, ಮೊದಲು ಸ್ವಲ್ಪ ದೂರದವರೆಗೆ ಹೋಗಿ ವಾಪಸ್ ಬನ್ನಿ.

ಪ್ರಶ್ನೆ: ಅಮ್ಮನಿಗೆ 72. ಈಗಲೂ ದೇವಸ್ಥಾನಕ್ಕೆ, ಬಿಎಂಟಿಸಿ ಬಸ್ಸಿಗೆ ಮಾಸ್ಕ್ ಹಾಕಿಯೇ ಹೋಗುತ್ತಾರೆ. ಮಕ್ಕಳು ನಗುತ್ತಾರೆ. ಬಿಡಿಸಬೇಕಾ?
- ಗೃಹಿಣಿ, ಬನಶಂಕರಿ

ಉತ್ತರ: ಬೇಡ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇನಲ್ಲಿ ತುರ್ತುಸ್ಥಿತಿ ಮುಗಿಯಿತು ಎಂದಿತು, ವೈರಸ್ ಮುಗಿಯಿತು ಎನ್ನಲಿಲ್ಲ. ಆ ವಯಸ್ಸಿನಲ್ಲಿ ರಶ್ ಇರುವ ಬಸ್ಸಿನಲ್ಲಿ ಮಾಸ್ಕ್ ಒಳ್ಳೆಯದೇ, ನಮ್ಮ ರಸ್ತೆಯ ಧೂಳಿಗೂ ಆಯಿತು. ಮಾಸ್ಕ್ ಹಾಕಿಕೊಂಡು ದೇವಸ್ಥಾನಕ್ಕೆ ಹೋಗುತ್ತಿದ್ದಾರಲ್ಲ, ನಾನು ನೋಡುವುದು ಅದನ್ನು. ಮಾಸ್ಕ್ ಹಾಕಿಕೊಂಡರೂ ಭಯವಾಗುತ್ತದೆ ಎಂದು ಹೊರಗೆ ಹೋಗುವುದನ್ನೇ ನಿಲ್ಲಿಸಿದರೆ, ನೆಂಟರು ಬಂದಾಗ ಕೋಣೆ ಸೇರಿಕೊಂಡರೆ, ಆಗ ಬರೆಯಿರಿ. ಮಕ್ಕಳಿಗೆ ಒಂದು ಕೆಲಸ ಕೊಡಿ: ಅಜ್ಜಿಯ ಮಾಸ್ಕ್ ಹಳೆಯದಾಗಿ ಸಡಿಲವಾಗಿದ್ದರೆ ಹೊಸದು ತಂದುಕೊಡಲಿ.