ಹಳೇ ಕಾರಿಗೆ ಬೋರ್ ನೀರು ಕುಡಿಸಬೇಡಿ

(ಓದುಗರ ಪ್ರಶ್ನೆಗಳಿಗೆ ದಾವಣಗೆರೆ ಪಿ.ಬಿ. ರಸ್ತೆಯ ಗ್ಯಾರೇಜಿನಿಂದ ಉತ್ತರ)

ಪ್ರಶ್ನೆ: ನನ್ನದು 2011ರ ಆಲ್ಟೊ, ಕೆಎ-16 ನಂಬರು. ಓಡಿರೋದು 71 ಸಾವಿರ ಕಿಲೋಮೀಟರ್ ಅಷ್ಟೇ. ನಾನು ರಿಟೈರ್ ಆದ ಮೇಲೆ ಗಾಡಿ ವಾರಗಟ್ಟಲೆ ನಿಂತೇ ಇರುತ್ತದೆ. ಬೇಸಿಗೆಯಲ್ಲಿ ದಾವಣಗೆರೆಗೆ ಬರುವಾಗ ಹೈವೇಯಲ್ಲಿ ಟೆಂಪರೇಚರ್ ಮುಳ್ಳು ಎರಡು ಸಲ ಮೇಲಕ್ಕೆ ಹೋಯಿತು. ನೀರು ಹಾಕಿಕೊಂಡು ಹೇಗೋ ಬಂದೆ. ಹದಿನೈದು ವರ್ಷ ತುಂಬಿದರೆ ಗಾಡಿಯನ್ನು ಗುಜರಿಗೆ ಹಾಕಲೇಬೇಕು ಅಂತ ಮಗ ಹೇಳುತ್ತಾನೆ. ನನಗೆ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?
– ನಿವೃತ್ತ ಮೇಷ್ಟ್ರು, ಚಿತ್ರದುರ್ಗ

ಉತ್ತರ: ಮೇಷ್ಟ್ರೇ, ಮೊದಲು ಮಗನ ಮಾತಿಗೆ ಬರೋಣ. ಹದಿನೈದು ವರ್ಷದ ಪೆಟ್ರೋಲ್ ಗಾಡಿ ಓಡಿಸಬಾರದು ಅನ್ನೋ ಆದೇಶ ಬಂದದ್ದು ದೆಹಲಿ ಮತ್ತು ಅದರ ಸುತ್ತಮುತ್ತಲಿಗೆ. ನಮ್ಮ ಕಡೆ ಸ್ವಂತ ಕಾರಿಗೆ ಅಂಥ ನಿಷೇಧ ಇಲ್ಲ. ಆರ್‌ಸಿ ಮುಗಿಯೋಕೆ ಎರಡು ತಿಂಗಳು ಇದೆ ಅನ್ನುವಾಗ ಫಾರ್ಮ್ 25 ಹಾಕಿ, ಗಾಡಿ ಒಯ್ದು ಆರ್‌ಟಿಒದಲ್ಲಿ ತೋರಿಸಿ. ಸರಿ ಇದ್ದರೆ 5 ವರ್ಷಕ್ಕೆ ರಿನ್ಯೂ ಮಾಡಿಕೊಡುತ್ತಾರೆ. ಮೊದಲು 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲ್‌ನಲ್ಲಿ 5,000 ಆಯಿತು. ಅದರ ಮೇಲೆ ಹಸಿರು ತೆರಿಗೆ ಬೇರೆ. ಇನ್ಶೂರೆನ್ಸ್, ಎಮಿಷನ್ ಚಾಲ್ತಿಯಲ್ಲಿರಲಿ. ತಡ ಮಾಡಿದರೆ ದಂಡ ಬೀಳುತ್ತದೆ.

ಆದರೆ ನನಗೆ ಆರ್‌ಸಿಗಿಂತ ದೊಡ್ಡ ಚಿಂತೆ ಆ ಮುಳ್ಳಿನದು. ನೀವು ದಾರಿಯಲ್ಲಿ ಹಾಕಿದ್ದು ಬೋರ್ ನೀರೇ ಇರಬೇಕು, ಅಲ್ವಾ? ನಮ್ಮ ಎರಡೂ ಜಿಲ್ಲೆಗಳಲ್ಲಿ ಬೋರ್ ನೀರು ಬಹಳ ಕಡೆ ಗಡಸು. ಸ್ನಾನದ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಪದರ ಎಂಜಿನ್ ನೀರನ್ನು ತಣ್ಣಗೆ ಮಾಡೋ ರೇಡಿಯೇಟರಿನ ಸಣ್ಣ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ. ಹಂಡೆಯಾದರೆ ಹುಣಸೆಹಣ್ಣು ಹಚ್ಚಿ ತಿಕ್ಕಬಹುದು. ನಾಳದೊಳಗೆ ಕೈ ಹೋಗೋದಿಲ್ಲ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ನೋಡಿ. ಬಿಸಿ ಇದ್ದಾಗ ದಯವಿಟ್ಟು ಮುಟ್ಟಬೇಡಿ, ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ. ಒಳಗೆ ಹಸಿರೋ ಕೆಂಪೋ ತಿಳಿಯಾದ ಕೂಲಂಟ್ (ಎಂಜಿನ್ ತಣ್ಣಗಿಡೋ ದ್ರವ) ಇದ್ದರೆ ಸರಿ. ಚಹಾದ ಬಣ್ಣ ಇದ್ದು, ಬಾಯಿಯ ಒಳಗಡೆ ಬೆರಳಾಡಿಸಿದರೆ ಕೆಂಪು ಕೆಸರು ಅಂಟಿದರೆ ಅದು ತುಕ್ಕು. ಆಮೇಲೆ ಕೆಳಗಿನ ಹೋಸ್ ಪೈಪನ್ನು ಹಿಸುಕಿ. ಒಳ್ಳೇ ಹೋಸು ಮೆತ್ತಗೆ ಒತ್ತಿಸಿಕೊಂಡು ವಾಪಸ್ ಬರುತ್ತದೆ. ಕೆಟ್ಟದ್ದು ಹಪ್ಪಳ ಮುರಿದ ಹಾಗೆ ಸಣ್ಣಗೆ ಚಟಗುಡುತ್ತದೆ, ಇಲ್ಲವೇ ಕ್ಲಿಪ್ಪಿನ ಹತ್ತಿರ ಉಬ್ಬಿರುತ್ತದೆ.

ಬಹಳ ವರ್ಷದ ಹಿಂದೆ ಒಬ್ಬರ ಮಾರುತಿ 800ರಲ್ಲಿ ಹೀಗೇ ಉಬ್ಬಿದ ಹೋಸ್ ನೋಡಿ, "ಯುಗಾದಿವರೆಗೆ ಬರುತ್ತೆ ಬಿಡಿ" ಅಂದಿದ್ದೆ. ಭರಮಸಾಗರದ ಹತ್ತಿರ ಒಡೆಯಿತು. ಅವರಿಗೆ ಗೊತ್ತಾಗಿ ನಿಲ್ಲಿಸೋ ಹೊತ್ತಿಗೆ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬಿಸಿಗೆ ಬೆಂಡ್ ಆಗಿತ್ತು. ಕೂಲಿ ತಗೊಳ್ಳದೆ ಕೆಲಸ ಮಾಡಿಕೊಟ್ಟೆ, ಆದರೂ ಅವರ ಮುಖ ಇವತ್ತಿಗೂ ಕಣ್ಣ ಮುಂದಿದೆ. ಈಗ ಉಬ್ಬಿದ ಹೋಸ್ ಕಂಡರೆ ಬದಲಾಯಿಸದೆ ಗಾಡಿ ಹೊರಗೆ ಬಿಡೋದಿಲ್ಲ.

ಮುಳ್ಳು ಎಲ್ಲಿ ಏರುತ್ತದೆ ಅನ್ನೋದೂ ಮುಖ್ಯ. ಊರೊಳಗಿನ ಟ್ರಾಫಿಕ್ಕಲ್ಲಿ ಮಾತ್ರ ಏರಿದರೆ ಮೊದಲು ಫ್ಯಾನ್ ನೋಡಬೇಕು. ನಿಮ್ಮದು ಹೈವೇಯಲ್ಲಿ ಏರಿದೆ. ಅಲ್ಲಿ ಗಾಳಿ ತಾನಾಗಿ ಬಡಿಯುತ್ತಿರುತ್ತದೆ, ಹಾಗಾಗಿ ಫ್ಯಾನಿನ ಮೇಲೆ ನನಗೆ ಅನುಮಾನ ಕಡಿಮೆ. ನೀರು ಸೋರಿರಬೇಕು, ರೇಡಿಯೇಟರ್ ಕಟ್ಟಿರಬೇಕು, ಇಲ್ಲಾ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡೋ ವಾಲ್ವ್) ಹಿಡಿದುಕೊಂಡಿರಬೇಕು. ಥರ್ಮೋಸ್ಟಾಟನ್ನು ಬಿಚ್ಚಿ ಪಾತ್ರೆ ನೀರಿಗೆ ಹಾಕಿ ಒಲೆಯ ಮೇಲಿಡುತ್ತೇವೆ. ನೀರು ಕುದಿಯೋದರೊಳಗೆ ಅದು ಬಾಯಿ ಬಿಡಬೇಕು. ಬಿಡದಿದ್ದರೆ ಹೊಸದು ಹಾಕಿಸಿ. "ಅದು ಬೇಡ, ತೆಗೆದುಬಿಡೋಣ" ಅನ್ನೋರು ಸಿಗುತ್ತಾರೆ, ಒಪ್ಪಬೇಡಿ. ಎಂಜಿನ್ ಸರಿಯಾಗಿ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ರೇಡಿಯೇಟರ್ ಒಳಗೆಲ್ಲ ತೊಳೆಸಿ ಫ್ಲಶ್ ಮಾಡಿಸಿ, ನೀರು ಬೆರೆಸಬೇಕಿಲ್ಲದ ರೆಡಿ ಕೂಲಂಟ್ ತುಂಬಿಸಿ. ಒಂದು ಬಾಟಲಿ ಡಿಕ್ಕಿಯಲ್ಲೂ ಇಟ್ಟುಕೊಳ್ಳಿ.

71 ಸಾವಿರ ಅಂದಿರಿ. ಎಂಜಿನ್ನಿನ ಟೈಮಿಂಗ್ ಬೆಲ್ಟ್ ಅನ್ನೋ ರಬ್ಬರ್ ಪಟ್ಟಿ ಬದಲಾಯಿಸಿದ ನೆನಪಿದೆಯಾ? ಇಲ್ಲದಿದ್ದರೆ ಈಗಲೇ ಮಾಡಿಸಿ. ರಬ್ಬರಿಗೆ ಕಿಲೋಮೀಟರ್ ಲೆಕ್ಕ ಬೇರೆ, ವರ್ಷದ ಲೆಕ್ಕ ಬೇರೆ. ಟೈರೂ ಹಾಗೇ. ಬಟನ್ (ಟೈರಿನ ಮೇಲಿನ ಅಚ್ಚು) ಎಷ್ಟೇ ಇರಲಿ, ಪಕ್ಕದಲ್ಲಿ ನಾಲ್ಕು ಅಂಕಿ ನೋಡಿ. 2317 ಅಂತಿದ್ದರೆ 2017ನೇ ಇಸವಿಯ 23ನೇ ವಾರದ ಟೈರು. ಅಷ್ಟು ಹಳೆಯ ಟೈರಿನಲ್ಲಿ ಹೈವೇಗೆ ಬರಬೇಡಿ.

ನಿಲ್ಲಿಸಿ ಇಡೋದು ಓಡಿಸೋದಕ್ಕಿಂತ ಕೆಟ್ಟದ್ದು. ಮನೆ ಮುಂದೆ ಸುಮ್ನೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಬ್ಯಾಟರಿ ತುಂಬೋದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ತೇವ ಎಳೆಯುತ್ತದೆ. ತಿಂಗಳುಗಟ್ಟಲೆ ಅದೇ ಪೆಟ್ರೋಲ್ ಟ್ಯಾಂಕಲ್ಲಿ ಕೂರಬಾರದು.

ಇಷ್ಟೆಲ್ಲ ಖರ್ಚು ಮಾಡೋ ಮುಂಚೆ ಒಂದು ಕೆಲಸ. ಕಾಲ ಕೆಳಗಿನ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್ ತುದಿಯಿಂದ ತಗಡನ್ನು ಒತ್ತಿ ನೋಡಿ. ಟಣ್ ಅಂದರೆ ಗಾಡಿ ಗಟ್ಟಿ ಇದೆ. ತುದಿ ಒಳಗೆ ಹೋದರೆ ಟಿಂಕರಿಂಗಿಗೆ ದುಡ್ಡು ಸುರಿಯಬೇಡಿ, ಮಗ ಹೇಳಿದ ಹಾಗೆ ಬಿಟ್ಟುಬಿಡಿ. ಎಂಜಿನ್ ಕಟ್ಟಬಹುದು, ಕೊಳೆತ ತಳವನ್ನು ನಂಬೋಕಾಗಲ್ಲ. ಗಟ್ಟಿ ಇದ್ದರೂ ಈ ಗಾಡಿ ಆ ಕಾಲದ್ದು, ಈಗಿನ ಗಾಡಿಗಳಷ್ಟು ಸುರಕ್ಷತೆ ಇಲ್ಲ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೈವೇಯಲ್ಲಿ ಲಾರಿ ಓವರ್‌ಟೇಕ್ ಮಾಡೋ ಆತುರ ಬೇಡ. ಎಡಗಡೆ ಲೇನಿನಲ್ಲಿ 60ರಲ್ಲಿ ಬನ್ನಿ.

ಪ್ರಶ್ನೆ: ಮೆಕ್ಕೆಜೋಳದ ಚೀಲ ಇಟ್ಟ ಶೆಡ್ಡಿನಲ್ಲೇ ನಮ್ಮ ಹಳೇ ಕಾರು ನಿಲ್ಲಿಸುತ್ತೇವೆ. ಇಲಿ ಎರಡು ಸಲ ವೈರ್ ಕಡಿದಿದೆ. ಏನು ಉಪಾಯ?
– ರೈತ ಮಹಿಳೆ, ಹರಿಹರ ತಾಲ್ಲೂಕು

ಉತ್ತರ: ಅಕ್ಕಾ, ಜೋಳ ಇರೋವರೆಗೆ ಇಲಿ ಬಿಡೋದಿಲ್ಲ. ಕಾರನ್ನು ಹೊರಗೆ ಬೆಳಕಿರೋ ಕಡೆ ನಿಲ್ಲಿಸಿ, ರಾತ್ರಿ ಬಾನೆಟ್ ಎತ್ತಿಡಿ. ಕತ್ತಲೆ, ಬೆಚ್ಚಗಿನ ಜಾಗ ಸಿಗದಿದ್ದರೆ ಇಲಿ ಗೂಡು ಕಟ್ಟೋದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಏರ್ ಫಿಲ್ಟರ್ ಡಬ್ಬಿ ತೆರೆದು ನೋಡಿ, ಕಾಳು ಕೂಡಿಡೋದು ಅಲ್ಲೇ. ಕಡಿದ ವೈರಿಗೆ ಬರೀ ಟೇಪ್ ಸುತ್ತಿಸಬೇಡಿ. ಬೆಸುಗೆ ಹಾಕಿಸಿ, ಮೇಲೆ ಸ್ಲೀವ್ (ವೈರಿನ ಹೊದಿಕೆ ಕೊಳವೆ) ಏರಿಸಲಿ. ಪೆಟ್ರೋಲ್ ಪೈಪನ್ನೂ ಕಡಿದಿದೆಯಾ ನೋಡಿ. ವಾಸನೆ ಬಂದರೆ ಕೀ ತಿರುಗಿಸಲೇಬೇಡಿ, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.